ಹೆಪ್ಪುಗಟ್ಟುವ ರಕ್ತ, ಗೊಂದಲದ ವರದಿ: ಮಕ್ಕಳ ಅಪರೂಪದ ಕಾಯಿಲೆಯೊಂದರ ಬಗ್ಗೆ ನಾಲ್ಕು ಮಾತು



ನಮ್ಮ ಕನ್ನಡ ವೇಳೆಗೆ ಬರುವ ಪತ್ರಗಳಲ್ಲಿ ಹಾಡಿನ ಬೇಡಿಕೆಗಳೇ ಹೆಚ್ಚು. ಈ ಸಲ ಬಂದ ಒಂದು ಪತ್ರದಲ್ಲಿ ಮಾತ್ರ ಹಾಡಿನ ಬದಲು ಒಂದು ಪ್ರಶ್ನೆ ಇತ್ತು. ಡೊಂಬಿವಲಿ ಕಡೆಯ ತಾಯಿಯೊಬ್ಬರು ಬರೆದದ್ದು. ಅವರ ಒಂಬತ್ತು ವರ್ಷದ ಮಗಳ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ. ಡಾಕ್ಟರು ರಕ್ತ ಹೆಪ್ಪುಗಟ್ಟದಂತೆ ಔಷಧಿ ಕೊಟ್ಟಿದ್ದಾರೆ. ಆದರೆ ಲ್ಯಾಬಿನ ವರದಿಯಲ್ಲಿ ಮಗುವಿನ ರಕ್ತ ಹೆಪ್ಪುಗಟ್ಟಲು ಎಲ್ಲರಿಗಿಂತ ಹೆಚ್ಚು ಹೊತ್ತು ಬೇಕಾಗುತ್ತದೆ ಎಂದಿದೆ. ಮನೆಯ ಹಿರಿಯರು, "ರಕ್ತ ಮೊದಲೇ ತೆಳ್ಳಗಿದೆ, ಇನ್ನಷ್ಟು ತೆಳ್ಳಗೆ ಮಾಡುವ ಔಷಧಿ ಯಾಕೆ? ನಿಲ್ಲಿಸಿಬಿಡು" ಅನ್ನುತ್ತಿದ್ದಾರಂತೆ. ಏನು ಮಾಡಲಿ ಎಂಬುದು ಆ ತಾಯಿಯ ಪ್ರಶ್ನೆ.

ಔಷಧಿ ನಿಲ್ಲಿಸಬೇಡಿ, ವರದಿ ಹಿಡಿದುಕೊಂಡು ನಿಮ್ಮ ಡಾಕ್ಟರನ್ನೇ ಕೇಳಿ ಎಂದು ಅವರಿಗೆ ಕೂಡಲೇ ತಿಳಿಸಿದ್ದಾಯಿತು. ಆದರೆ ಈ ಗೊಂದಲ ಅವರೊಬ್ಬರದ್ದಲ್ಲ. ಈ ಕಾಯಿಲೆಯ ಹೆಸರಿನಲ್ಲೇ ಗೊಂದಲ ಇದೆ. ಆದ್ದರಿಂದ ಇಂದಿನ ಮಾತು ಅದರ ಬಗ್ಗೆಯೇ. ನಾನು ಕನ್ನಡ ಓದಿದವಳು, ಡಾಕ್ಟರಲ್ಲ. ವೈದ್ಯರು ಒಪ್ಪಿ ಬರೆದಿಟ್ಟ ವಿಷಯಗಳನ್ನು ನಮ್ಮ ಮಾತಿನಲ್ಲಿ ನಿಮ್ಮ ಮುಂದಿಡುತ್ತೇನೆ. ನಿಮ್ಮ ಮಗುವಿನ ಔಷಧಿ, ಅಳತೆ ಎಲ್ಲವನ್ನೂ ನಿಮ್ಮ ವೈದ್ಯರೇ ಹೇಳಬೇಕು.

ನಮ್ಮ ಭಾಷೆಯಲ್ಲಿ ಹೆಪ್ಪು ಎಂಬ ಪದ ಅಡುಗೆಮನೆಯದು. ರಾತ್ರಿ ಹಾಲಿಗೆ ಒಂದು ಚಮಚ ಹೆಪ್ಪು ಹಾಕಿದರೆ ಬೆಳಿಗ್ಗೆ ಗಟ್ಟಿ ಮೊಸರು. ರಕ್ತವೂ ಹೀಗೆ ದ್ರವದಿಂದ ಗಟ್ಟಿಯಾಗುತ್ತದೆ, ಅದಕ್ಕೇ ಹೆಪ್ಪುಗಟ್ಟುವುದು ಅನ್ನುತ್ತೇವೆ. ಮಗು ಓಡುತ್ತಾ ಬಿದ್ದು ಮೊಣಕಾಲು ತರಚಿಕೊಂಡಾಗ ಪ್ಲೇಟ್‌ಲೆಟ್ ಎಂಬ ಸಣ್ಣ ಕಣಗಳು ಗಾಯದ ಬಾಯಿಗೆ ಬಂದು ಕೂರುತ್ತವೆ. ರಕ್ತದಲ್ಲಿರುವ ಕೆಲವು ಪ್ರೋಟೀನುಗಳು ಒಂದರ ಹಿಂದೆ ಒಂದು ಎಚ್ಚೆತ್ತು, ಕೊನೆಗೆ ಫೈಬ್ರಿನ್ ಎಂಬ ನೂಲಿನ ಬಲೆ ನೇಯುತ್ತವೆ. ರಕ್ತ ನಿಲ್ಲುತ್ತದೆ. ಗಾಯ ಮಾಯುತ್ತಾ ಬಂದ ಹಾಗೆ ದೇಹವೇ ಆ ಬಲೆಯನ್ನು ಕರಗಿಸುತ್ತದೆ. ಗಾಯವಿಲ್ಲದ ಕಡೆ, ರಕ್ತನಾಳದ ಒಳಗೇ ರಕ್ತ ಹೆಪ್ಪುಗಟ್ಟಿ ಹರಿವಿಗೆ ಅಡ್ಡ ಬಂದರೆ ಅದೇ ಕಾಯಿಲೆ.

ದೊಡ್ಡವರಿಗೆ ಹೋಲಿಸಿದರೆ ಮಕ್ಕಳಲ್ಲಿ ಇದು ತೀರಾ ಕಡಿಮೆ. ಹಾಗೆ ಆದಾಗ ಹೆಚ್ಚಾಗಿ ಒಂದು ಕಾರಣ ಇದ್ದೇ ಇರುತ್ತದೆ. ಐಸಿಯುನಲ್ಲಿ ದೊಡ್ಡ ರಕ್ತನಾಳಕ್ಕೆ ಹಾಕಿದ ಕೊಳವೆ ಇದರಲ್ಲಿ ಮುಖ್ಯವಾದದ್ದು. ಕ್ಯಾನ್ಸರಿನ ಚಿಕಿತ್ಸೆ, ತೀವ್ರ ಸೋಂಕು ಇತರ ಕಾರಣಗಳು. ಮಗುವಿನ ಮುಖ, ಕಾಲು ಊದಿಕೊಂಡು ಮೂತ್ರದಲ್ಲಿ ಪ್ರೋಟೀನು ಸೋರುವ ನೆಫ್ರೋಟಿಕ್ ಸಿಂಡ್ರೋಮ್ ಕೆಲವರಿಗೆ ಗೊತ್ತಿರಬಹುದು. ಅದರಲ್ಲಿ ಹೆಪ್ಪನ್ನು ತಡೆಯುವ ಆಂಟಿಥ್ರಾಂಬಿನ್ ಎಂಬ ಪ್ರೋಟೀನೂ ಸೋರಿಹೋಗುವುದರಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು. ಇವೆಲ್ಲ ಹುಟ್ಟಿನಿಂದ ಬಂದ ದೋಷಗಳಲ್ಲ, ಆಮೇಲೆ ಬಂದವು. ಹೀಗೆ ಆಮೇಲೆ ಬರುವ ಕಾಯಿಲೆಗಳಲ್ಲಿ ಅಪರೂಪದ್ದು, ಬಹಳ ಕಾಲ ನಿಗಾ ಬೇಡುವಂಥದ್ದು ಒಂದಿದೆ. ಅದರ ಹೆಸರು ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್. ಪತ್ರದ ಜೊತೆ ಬಂದ ವರದಿಯಲ್ಲಿ ಇದ್ದದ್ದೂ ಇದೇ ಹೆಸರು.

ಲಂಡನ್ನಿನ ವೈದ್ಯ ಗ್ರಹಾಂ ಹ್ಯೂಸ್ 1983ರಲ್ಲಿ ಈ ಕಾಯಿಲೆಯನ್ನು ವಿವರಿಸಿದರು. ಇದರಲ್ಲಿ ನಮ್ಮನ್ನು ಸೋಂಕಿನಿಂದ ಕಾಪಾಡಬೇಕಾದ ಪ್ರತಿಕಾಯಗಳು ದಾರಿ ತಪ್ಪಿ ನಮ್ಮದೇ ದೇಹದ ಕೆಲವು ಪ್ರೋಟೀನುಗಳಿಗೆ ಅಂಟಿಕೊಳ್ಳುತ್ತವೆ. ರಕ್ತನಾಳದ ಒಳಪದರವನ್ನೂ ಪ್ಲೇಟ್‌ಲೆಟ್‌ಗಳನ್ನೂ ಕೆರಳಿಸುತ್ತವೆ. ಆಗ ಗಾಯವೇ ಇಲ್ಲದ ಕಡೆ ರಕ್ತ ಹೆಪ್ಪುಗಟ್ಟುತ್ತದೆ. ಕೆಲವು ಮಕ್ಕಳಲ್ಲಿ ಇದು ಒಂಟಿಯಾಗಿ ಬರುತ್ತದೆ, ಕೆಲವರಲ್ಲಿ ಲೂಪಸ್ ಎಂಬ ಕಾಯಿಲೆಯ ಜೊತೆ. 14 ದೇಶಗಳ 121 ಮಕ್ಕಳ ವಿವರ ಕಲೆಹಾಕಿ 2008ರಲ್ಲಿ ಪ್ರಕಟಿಸಿದ ಒಂದು ದಾಖಲೆ ಇದೆ. ಅದರಲ್ಲಿ ಶೇಕಡಾ 60ರಷ್ಟು ಮಕ್ಕಳಿಗೆ ಮೊದಲು ಹೆಪ್ಪುಗಟ್ಟಿದ್ದು ಅಭಿಧಮನಿಗಳಲ್ಲಿ, ಅಂದರೆ ರಕ್ತವನ್ನು ಹೃದಯಕ್ಕೆ ಹಿಂದಕ್ಕೆ ತರುವ ನಾಳಗಳಲ್ಲಿ. ಶೇಕಡಾ 32ರಷ್ಟು ಮಕ್ಕಳಿಗೆ ಅಪಧಮನಿಗಳಲ್ಲಿ. ಈ ಎರಡನೆಯ ಗುಂಪಿನಲ್ಲಿ ಮಿದುಳಿನ ಪಾರ್ಶ್ವವಾಯುವೂ ಸೇರುತ್ತದೆ. ಸುಮಾರು ಐವರಲ್ಲಿ ಒಬ್ಬರಿಗೆ ಮುಂದಿನ ವರ್ಷಗಳಲ್ಲಿ ಮತ್ತೆ ಹೆಪ್ಪುಗಟ್ಟಿತು. ಚಿಕಿತ್ಸೆಯನ್ನು ಬಿಡಬಾರದು ಎನ್ನಲು ಈ ಅಂಕಿಯೊಂದೇ ಸಾಕು.

ಈಗ ವರದಿಯ ಗೊಂದಲಕ್ಕೆ ಬರೋಣ. ರಕ್ತ ಹೆಪ್ಪುಗಟ್ಟಲು ಫಾಸ್ಫೋಲಿಪಿಡ್ ಎಂಬ ಕೊಬ್ಬಿನ ಜಾತಿಯ ಪದಾರ್ಥ ಬೇಕು. ಎ.ಪಿ.ಟಿ.ಟಿ. ಎಂಬ ಪರೀಕ್ಷೆಯಲ್ಲಿ ಅದನ್ನು ಹೊರಗಿನಿಂದ ಕೊಳವೆಗೆ ಸೇರಿಸಿ, ಹೆಪ್ಪುಗಟ್ಟಲು ಎಷ್ಟು ಸೆಕೆಂಡು ಹಿಡಿಯಿತು ಎಂದು ಅಳೆಯುತ್ತಾರೆ. ಈ ಮಗುವಿನ ಪ್ರತಿಕಾಯಗಳು ಅಲ್ಲಿ ಸೇರಿಸಿದ ಫಾಸ್ಫೋಲಿಪಿಡ್ಡಿನ ಮೇಲೆಯೇ ಹೋಗಿ ಕೂತುಬಿಡುತ್ತವೆ. ಹೆಪ್ಪುಗಟ್ಟುವ ಪ್ರೋಟೀನುಗಳಿಗೆ ಜಾಗ ಸಿಗುವುದಿಲ್ಲ. ಹಾಗಾಗಿ ಗಾಜಿನ ಕೊಳವೆಯಲ್ಲಿ ಸಮಯ ಹೆಚ್ಚಾಗುತ್ತದೆ. ಆದರೆ ದೇಹದ ಒಳಗೆ ಅದೇ ಪ್ರತಿಕಾಯಗಳು ಹೆಪ್ಪುಗಟ್ಟಲು ಪ್ರಚೋದನೆ ಕೊಡುತ್ತವೆ. ಕೊಳವೆಯಲ್ಲಿ ಒಂದು, ಮೈಯಲ್ಲಿ ಇನ್ನೊಂದು.

1952ರಲ್ಲಿ ಅಮೆರಿಕದ ವೈದ್ಯರು ಲೂಪಸ್ ಇದ್ದ ಇಬ್ಬರು ರೋಗಿಗಳಲ್ಲಿ ಇಂಥ ಪದಾರ್ಥವೊಂದನ್ನು ಗುರುತಿಸಿದ್ದರು. 1972ರಲ್ಲಿ ಅದಕ್ಕೆ ಲೂಪಸ್ ಆಂಟಿಕೋಆಗ್ಯುಲೆಂಟ್ ಎಂದು ಹೆಸರಾಯಿತು. ಆಂಟಿಕೋಆಗ್ಯುಲೆಂಟ್ ಎಂದರೆ ಹೆಪ್ಪುಗಟ್ಟುವುದನ್ನು ತಡೆಯುವಂಥದ್ದು. ಮಾಡುವ ಕೆಲಸ ಮಾತ್ರ ಹೆಸರಿಗೆ ತದ್ವಿರುದ್ಧ. ಅದೂ ಅಲ್ಲದೆ, ಇದು ಇರುವವರೆಲ್ಲರಿಗೂ ಲೂಪಸ್ ಇರುವುದೂ ಇಲ್ಲ. ಹೆಸರು ಹಳೆಯದು, ಹಾಗೇ ಉಳಿದುಕೊಂಡಿದೆ. ಆದ್ದರಿಂದ, ಮನೆಯ ಹಿರಿಯರ ಅನುಮಾನ ಅವರ ಮಟ್ಟಿಗೆ ಸರಿಯಾದದ್ದೇ. ವರದಿ ಸುಳ್ಳಲ್ಲ, ಡಾಕ್ಟರು ಕೊಟ್ಟ ಔಷಧಿಯೂ ತಪ್ಪಲ್ಲ.

ಇದು ಪ್ರತಿಕಾಯದ್ದೇ ಕಿತಾಪತಿ ಎಂದು ಲ್ಯಾಬಿನವರಿಗೆ ಹೇಗೆ ಗೊತ್ತಾಗುತ್ತದೆ? ಮೊಸರಿನ ಉದಾಹರಣೆಯನ್ನೇ ತೆಗೆದುಕೊಳ್ಳಿ. ಹಾಲು ಮೊಸರಾಗಲಿಲ್ಲ ಅಂದರೆ ಎರಡು ಕಾರಣ ಇರಬಹುದು. ಹೆಪ್ಪು ಸಾಲದೆ ಹೋಗಿರಬಹುದು, ಇಲ್ಲವೇ ಹಾಲಿನಲ್ಲಿ ಏನೋ ಬೆರೆತು ಅಡ್ಡಿ ಮಾಡುತ್ತಿರಬಹುದು. ಇನ್ನೊಂದು ಚಮಚ ಒಳ್ಳೆಯ ಮೊಸರು ಹಾಕಿ ನೋಡಿ. ಕೊರತೆಯಷ್ಟೇ ಆಗಿದ್ದರೆ ಮೊಸರಾಗುತ್ತದೆ, ಅಡ್ಡಿಯಿದ್ದರೆ ಆಗಲೂ ಆಗುವುದಿಲ್ಲ. ಲ್ಯಾಬಿನಲ್ಲೂ ಮಗುವಿನ ಪ್ಲಾಸ್ಮಾಗೆ ಆರೋಗ್ಯವಂತರ ಪ್ಲಾಸ್ಮಾ ಬೆರೆಸಿ ಹೀಗೆಯೇ ನೋಡುತ್ತಾರೆ. ಆಮೇಲೆ ಇನ್ನೂ ನಿಖರವಾದ ಪರೀಕ್ಷೆಗಳಿವೆ. ಲೂಪಸ್ ಆಂಟಿಕೋಆಗ್ಯುಲೆಂಟ್, ಆಂಟಿಕಾರ್ಡಿಯೋಲಿಪಿನ್, ಆಂಟಿ ಬೀಟಾ-2 ಗ್ಲೈಕೋಪ್ರೋಟೀನ್, ಈ ಮೂರನ್ನೂ ನೋಡುತ್ತಾರೆ.

ಇಲ್ಲಿ ತಂದೆತಾಯಿಯರು ಗಾಬರಿಪಡಬಾರದ ಒಂದು ಸಂಗತಿ ಇದೆ. ಮಕ್ಕಳಿಗೆ ನೆಗಡಿ, ಜ್ವರ, ವೈರಸ್ ಸೋಂಕು ಬಂದುಹೋದ ಮೇಲೆ ಇಂಥ ಪ್ರತಿಕಾಯಗಳು ಸ್ವಲ್ಪ ದಿನ ಕಾಣಿಸಿಕೊಂಡು ತಾವಾಗಿಯೇ ಮಾಯವಾಗುವುದು ಸಾಮಾನ್ಯ. ಟಾನ್ಸಿಲ್ ಆಪರೇಷನ್ನಿಗೆ ಮೊದಲು ರಕ್ತ ಪರೀಕ್ಷೆ ಮಾಡಿಸಿದಾಗ ಎ.ಪಿ.ಟಿ.ಟಿ. ಹೆಚ್ಚು ಬಂದ ಮಕ್ಕಳಲ್ಲಿ ಅನೇಕರದು ಇದೇ ಕಥೆ. ಅವರಲ್ಲಿ ಹೆಚ್ಚಿನವರಿಗೆ ಯಾವ ತೊಂದರೆಯೂ ಆಗುವುದಿಲ್ಲ. ಅದಕ್ಕಾಗಿಯೇ ಒಂದು ಪರೀಕ್ಷೆಯಿಂದ ಈ ಕಾಯಿಲೆ ಎಂದು ಮುದ್ರೆ ಒತ್ತುವುದಿಲ್ಲ. ಕನಿಷ್ಠ 12 ವಾರ ಬಿಟ್ಟು ಮತ್ತೊಮ್ಮೆ ಪರೀಕ್ಷಿಸಿ, ಆಗಲೂ ಪ್ರತಿಕಾಯ ಉಳಿದಿದೆಯೇ ಎಂದು ನೋಡುತ್ತಾರೆ. ಆದರೆ ಈಗಾಗಲೇ ಹೆಪ್ಪುಗಟ್ಟಿರುವ ಮಗುವಿಗೆ ಚಿಕಿತ್ಸೆ ಆ 12 ವಾರ ಕಾಯುವುದಿಲ್ಲ, ಅಂದೇ ಶುರುವಾಗುತ್ತದೆ. ಎರಡನೆಯ ಪರೀಕ್ಷೆಯ ದಿನಾಂಕವನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಮಗು ಚೆನ್ನಾಗಿ ಆಡಿಕೊಂಡಿದೆ ಎಂದು ಬಿಟ್ಟುಬಿಡಬೇಡಿ.

ಹೆಪ್ಪುಗಟ್ಟಿದೆ ಎಂದು ಅನುಮಾನ ಪಡಬೇಕಾದದ್ದು ಯಾವಾಗ? ಒಂದೇ ಕಾಲು ಅಥವಾ ಒಂದೇ ಕೈ ಊದಿಕೊಂಡು ನೋವು, ಬಿಸಿ, ಬಣ್ಣ ಬದಲಾವಣೆ ಕಂಡರೆ. ಇದ್ದಕ್ಕಿದ್ದಂತೆ ಉಸಿರು ಕಟ್ಟಿ ಎದೆನೋವು ಬಂದರೆ. ಮುಖ ಓರೆಯಾದರೆ, ಒಂದು ಕಡೆಯ ಕೈಕಾಲು ಸೋತರೆ, ಮಾತು ತೊದಲಿದರೆ, ಫಿಟ್ಸ್ ಬಂದರೆ. ದಿನದಿಂದ ದಿನಕ್ಕೆ ಹೆಚ್ಚುವ ತಲೆನೋವಿನ ಜೊತೆ ವಾಂತಿ, ದೃಷ್ಟಿ ಮಂಜಾಗುವುದು ಇದ್ದರೆ. ಚಿಕ್ಕ ಮಕ್ಕಳಿಗೆ ಪಾರ್ಶ್ವವಾಯು ಬರುವುದಿಲ್ಲ ಎಂಬ ನಂಬಿಕೆ ಇದೆ, ಅದು ತಪ್ಪು. ಇವುಗಳಲ್ಲಿ ಯಾವುದು ಕಂಡರೂ ನಾಳೆ ನೋಡೋಣ ಎನ್ನದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು. ನಮ್ಮ ಮಹಾರಾಷ್ಟ್ರದಲ್ಲಿ 108ಕ್ಕೆ ಫೋನ್ ಮಾಡಿದರೆ ಆಂಬುಲೆನ್ಸ್ ಬರುತ್ತದೆ.

ಚಿಕಿತ್ಸೆಯ ಮೊದಲ ಹೆಜ್ಜೆ ಸಾಮಾನ್ಯವಾಗಿ ಹೆಪಾರಿನ್. 1916ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಜೇ ಮೆಕ್ಲೀನ್ ಎಂಬ ವೈದ್ಯಕೀಯ ವಿದ್ಯಾರ್ಥಿಯ ಪ್ರಯೋಗಗಳಿಂದ ಇದರ ಕಥೆ ಶುರುವಾಯಿತು. ಇಂದು ಮಕ್ಕಳಿಗೆ ಹೆಚ್ಚಾಗಿ ಕೊಡುವುದು ಅದರ ಹಗುರ ರೂಪವಾದ ಎನಾಕ್ಸಪಾರಿನ್. ಇದನ್ನು ಚರ್ಮದ ಅಡಿಗೆ ಚುಚ್ಚಬೇಕು. ಎರಡು ತಿಂಗಳು ದಾಟಿದ ಮಕ್ಕಳಿಗೆ ರೂಢಿಯಲ್ಲಿರುವ ಆರಂಭದ ಅಳತೆ ಪ್ರತಿ ಕಿಲೋ ತೂಕಕ್ಕೆ 1 ಮಿಲಿಗ್ರಾಂ, 12 ಗಂಟೆಗೊಮ್ಮೆ. ಅಂದರೆ 18 ಕಿಲೋ ಮಗುವಿಗೆ ಬೆಳಿಗ್ಗೆ 18, ಸಂಜೆ 18. ಮಗು ಬೆಳೆದಂತೆ ಅಳತೆಯೂ ಬದಲಾಗಬೇಕು, ಆದ್ದರಿಂದ ಪ್ರತಿ ಭೇಟಿಯಲ್ಲೂ ತೂಕ ನೋಡಿಸಿ. ಔಷಧಿ ಸಾಕಷ್ಟು ಇದೆಯೇ ಎಂದು ತಿಳಿಯಲು ಚುಚ್ಚಿದ 4ರಿಂದ 6 ಗಂಟೆಯ ನಂತರ ಆಂಟಿ ಟೆನ್-ಎ ಎಂಬ ಪರೀಕ್ಷೆ ಮಾಡುತ್ತಾರೆ. ಎ.ಪಿ.ಟಿ.ಟಿ. ಈ ಮಕ್ಕಳಲ್ಲಿ ಮೊದಲೇ ಹೆಚ್ಚಿರುವುದರಿಂದ ಅದನ್ನು ನೋಡಿ ಹೆಪಾರಿನ್ ಅಳೆಯಲಾಗದು. ಹೊಸ ಡಾಕ್ಟರ ಬಳಿ ಹೋದಾಗ ಈ ಮಾತನ್ನು ನೀವೇ ನೆನಪಿಸಬಹುದು.

ಈ ಇಂಜೆಕ್ಷನ್ನನ್ನು ಮನೆಯಲ್ಲೇ ಕೊಡಲು ಅಮ್ಮ, ಅಪ್ಪ ಇಬ್ಬರೂ ಕಲಿಯಬೇಕು. ಒಬ್ಬರೇ ಕಲಿತರೆ ಅವರು ಆಫೀಸಿನಿಂದ ಬರುವ ಲೋಕಲ್ ತಡವಾದ ದಿನ ಮನೆಯವರೆಲ್ಲ ಪರದಾಡಬೇಕಾಗುತ್ತದೆ. ಹೊಟ್ಟೆಯ ಅಥವಾ ತೊಡೆಯ ಚರ್ಮವನ್ನು ಮೆಲ್ಲಗೆ ಮಡಿಸಿ ಹಿಡಿದು, ನರ್ಸ್ ತೋರಿಸಿಕೊಟ್ಟಂತೆಯೇ ಚುಚ್ಚಿ. ಚುಚ್ಚಿದ ಮೇಲೆ ಉಜ್ಜಬೇಡಿ, ಉಜ್ಜಿದರೆ ನೀಲಿಗಟ್ಟುತ್ತದೆ. ಇಂದು ಎಡಗಡೆಯಾದರೆ ನಾಳೆ ಬಲಗಡೆ. ಔಷಧಿಯನ್ನು ಫ್ರೀಜರಿನಲ್ಲಿ ಇಡಬಾರದು. ಬಳಸಿದ ಸೂಜಿಯನ್ನು ಕಸದ ಡಬ್ಬಿಗೆ ಹಾಕದೆ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಡಿಟ್ಟು ಆಸ್ಪತ್ರೆಗೆ ಒಪ್ಪಿಸಿ.

ಸ್ವಲ್ಪ ದಿನದ ನಂತರ ಬಹಳ ಮಕ್ಕಳನ್ನು ಮಾತ್ರೆಗೆ ಬದಲಾಯಿಸುತ್ತಾರೆ. ಆ ಮಾತ್ರೆ ವಾರ್ಫರಿನ್, ಅಥವಾ ನಮ್ಮ ದೇಶದಲ್ಲಿ ಬಹಳವಾಗಿ ಬಳಸುವ ಅಸೆನೊಕೌಮರಾಲ್. "ಇದು ಇಲಿ ಪಾಷಾಣವಂತೆ" ಎಂದು ಯಾರಾದರೂ ನಿಮ್ಮನ್ನು ಹೆದರಿಸಿರಬಹುದು. ಅದರ ಹಿನ್ನೆಲೆ ಹೀಗಿದೆ. 1920ರ ದಶಕದಲ್ಲಿ ಕೆನಡಾ ಮತ್ತು ಅಮೆರಿಕದ ಉತ್ತರ ಭಾಗದಲ್ಲಿ ಕೆಟ್ಟುಹೋದ ಕ್ಲೋವರ್ ಹುಲ್ಲು ತಿಂದ ದನಗಳು ರಕ್ತ ನಿಲ್ಲದೆ ಸಾಯುತ್ತಿದ್ದವು. ವಿಸ್ಕಾನ್ಸಿನ್ನಿನ ವಿಜ್ಞಾನಿ ಕಾರ್ಲ್ ಪಾಲ್ ಲಿಂಕ್ ಅವರ ತಂಡ ಅದರ ಕಾರಣವಾದ ಪದಾರ್ಥವನ್ನು ಬೇರ್ಪಡಿಸಿತು. ಅದರಿಂದ ಹುಟ್ಟಿದ ವಾರ್ಫರಿನ್ 1948ರಲ್ಲಿ ಇಲಿ ಔಷಧಿಯಾಗಿ ಬಂದದ್ದು ನಿಜ. 1954ರಲ್ಲಿ ಮನುಷ್ಯರಿಗೂ ಔಷಧಿಯಾಯಿತು. 1955ರಲ್ಲಿ ಹೃದಯಾಘಾತವಾದ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೂ ಕೊಟ್ಟರು. ಅಳತೆಯಲ್ಲಿದ್ದರೆ ಔಷಧಿ, ಅಳತೆ ಮೀರಿದರೆ ವಿಷ. ಈ ಮಾತ್ರೆಯಲ್ಲಿ ಅಳತೆಯೇ ಎಲ್ಲ.

ಆ ಅಳತೆಗೆ ಐ.ಎನ್.ಆರ್. ಎಂಬ ರಕ್ತ ಪರೀಕ್ಷೆ ಇದೆ. ಔಷಧಿ ತೆಗೆದುಕೊಳ್ಳದವರಲ್ಲಿ ಅದು ಸುಮಾರು 1. ಅಭಿಧಮನಿಯಲ್ಲಿ ಹೆಪ್ಪುಗಟ್ಟಿದ ಮಗುವಿಗೆ ಸಾಮಾನ್ಯವಾಗಿ 2ರಿಂದ 3ರ ನಡುವೆ ಇರಬೇಕು ಎಂದು ನೋಡುತ್ತಾರೆ. 2ಕ್ಕಿಂತ ಇಳಿದರೆ ಮತ್ತೆ ಹೆಪ್ಪುಗಟ್ಟುವ ಭಯ, ಹೆಚ್ಚಾದರೆ ರಕ್ತಸ್ರಾವದ ಭಯ. ಬೆರಳಿಗೆ ಚುಚ್ಚಿ ನೋಡುವ ಯಂತ್ರಗಳು ಈ ಪ್ರತಿಕಾಯ ಇರುವವರಲ್ಲಿ ಕೆಲವೊಮ್ಮೆ ತಪ್ಪು ಅಂಕಿ ತೋರಿಸುತ್ತವೆ. ಆದ್ದರಿಂದ ಲ್ಯಾಬಿನ ಪರೀಕ್ಷೆಯೊಂದಿಗೆ ತಾಳೆ ನೋಡದೆ ಅದನ್ನು ನಂಬಬೇಡಿ. ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಐ.ಎನ್.ಆರ್., ಮಾತ್ರೆಯ ಮಿಲಿಗ್ರಾಂ ಬರೆದಿಡಿ. ಮಾತ್ರೆಯ ಬಣ್ಣ ನೋಡಿ ಗುರುತಿಡಬೇಡಿ, ಕಂಪನಿ ಬದಲಾದರೆ ಬಣ್ಣವೂ ಬದಲಾಗುತ್ತದೆ. ವಾರ್ಫರಿನ್ನಿನ ಅಳತೆ ಬೇರೆ, ಅಸೆನೊಕೌಮರಾಲಿನದು ಬೇರೆ. ಅಂಗಡಿಯವರು ಒಂದಿಲ್ಲ, ಇನ್ನೊಂದು ಕೊಡಲೇ ಎಂದರೆ ಒಪ್ಪಬೇಡಿ. ಮಾತ್ರೆ ಮರೆತದ್ದು ಅದೇ ದಿನ ನೆನಪಾದರೆ ಕೊಡಿ. ಮರುದಿನ ನೆನಪಾದರೆ ಎರಡು ಸೇರಿಸಿ ಕೊಡಬೇಡಿ, ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ಡಾಕ್ಟರಿಗೆ ತಿಳಿಸಿ.

ಇನ್ನು ಊಟ. ಈ ಮಾತ್ರೆಗಳು ವಿಟಮಿನ್ ಕೆ ಮಾಡುವ ಕೆಲಸಕ್ಕೆ ತಡೆ ಒಡ್ಡುತ್ತವೆ. ವಿಟಮಿನ್ ಕೆ ಹೆಚ್ಚಿರುವುದು ನಮ್ಮ ಪ್ರೀತಿಯ ಸೊಪ್ಪುಗಳಲ್ಲಿ. ಪಾಲಕ್, ದಂಟು, ಹರಿವೆ, ಮೆಂತ್ಯ, ನುಗ್ಗೆಸೊಪ್ಪು ಎಲ್ಲವೂ ಇದರಲ್ಲಿ ಸೇರಿತು. ಹಾಗೆಂದು ಸೊಪ್ಪು ಬಿಡಿಸಬೇಕಾಗಿಲ್ಲ. ವಾರ ವಾರವೂ ಹೆಚ್ಚು ಕಡಿಮೆ ಒಂದೇ ಪ್ರಮಾಣ ಇದ್ದರೆ ಸಾಕು, ಡಾಕ್ಟರು ಅದಕ್ಕೆ ತಕ್ಕಂತೆ ಮಾತ್ರೆ ಹೊಂದಿಸುತ್ತಾರೆ. ತೊಂದರೆ ಬರುವುದು ಪ್ರಮಾಣ ಒಮ್ಮೆಲೇ ಬದಲಾದಾಗ. ಇಲ್ಲಿ ವಾರಕ್ಕೊಮ್ಮೆ ಸೊಪ್ಪು ತಿನ್ನುವ ಮಗು ಮೇ ರಜೆಯಲ್ಲಿ ಊರಿಗೆ ಹೋಗಿ ಅಜ್ಜಿಯ ಕೈಯಿಂದ ದಿನವೂ ಮಸ್ಸೊಪ್ಪು, ರೊಟ್ಟಿ ಜೊತೆ ಮೆಂತ್ಯ ತಿಂದರೆ ಐ.ಎನ್.ಆರ್. ಇಳಿಯಬಹುದು. ವಾಂತಿ ಭೇದಿಯಾಗಿ ಊಟ ಬಿಟ್ಟರೆ ಏರಬಹುದು. ಅಂಥ ಸಮಯದಲ್ಲಿ ಪರೀಕ್ಷೆಯನ್ನು ಮುಂಚಿತವಾಗಿ ಮಾಡಿಸಬೇಕು.

ಔಷಧಿಗಳ ಬಗ್ಗೆಯೂ ಇದೇ ಎಚ್ಚರ. ಜ್ವರಕ್ಕೆ, ಮೈಕೈ ನೋವಿಗೆ ಐಬುಪ್ರೊಫೆನ್, ಆಸ್ಪಿರಿನ್ ಅನ್ನು ನೀವಾಗಿಯೇ ಕೊಡಬೇಡಿ. ಪ್ಯಾರಾಸಿಟಮಾಲ್ ಸಾಮಾನ್ಯವಾಗಿ ಆಗುತ್ತದೆ, ಆದರೆ ಹಲವು ದಿನ ಮುಂದುವರಿದರೆ ಡಾಕ್ಟರಿಗೆ ತಿಳಿಸಿ. ಮೆಟ್ರೊನಿಡಜೋಲ್, ಕೋಟ್ರೈಮಾಕ್ಸಜೋಲ್‌ನಂಥ ಸಾಮಾನ್ಯ ಆಂಟಿಬಯೋಟಿಕ್‌ಗಳು ಕೂಡ ವಾರ್ಫರಿನ್ನಿನ ಶಕ್ತಿಯನ್ನು ಏರಿಸುತ್ತವೆ. ಕಷಾಯ, ಚೂರ್ಣ, ಭಸ್ಮ ಯಾವುದಾದರೂ ಕೊಡುತ್ತಿದ್ದರೆ ಮುಚ್ಚಿಡದೆ ಹೇಳಿ, ಯಾರೂ ಬೈಯುವುದಿಲ್ಲ. ಲಸಿಕೆ, ಹಲ್ಲು ಕೀಳಿಸುವುದು, ಸ್ನಾಯುವಿಗೆ ಇಂಜೆಕ್ಷನ್, ಇವಕ್ಕೆಲ್ಲ ಮೊದಲು ಮಗು ಯಾವ ಮಾತ್ರೆಯಲ್ಲಿದೆ ಎಂದು ತಿಳಿಸಬೇಕು. ಆಪರೇಷನ್ ಎಂದರೆ ಮಾತ್ರೆಯನ್ನು ಯಾವಾಗ ನಿಲ್ಲಿಸಿ ಯಾವಾಗ ಶುರು ಮಾಡಬೇಕು ಎಂಬುದನ್ನು ರಕ್ತರೋಗ ತಜ್ಞರೇ ನಿರ್ಧರಿಸಬೇಕು.

ಈಗ ಬಹಳ ಜನ ಕೇಳುವ ಇನ್ನೊಂದು ಪ್ರಶ್ನೆ. "ನಮ್ಮ ಮಾವನವರಿಗೆ ಹೊಸ ಮಾತ್ರೆ ಕೊಟ್ಟಿದ್ದಾರೆ, ಪದೇ ಪದೇ ರಕ್ತ ಪರೀಕ್ಷೆಯೂ ಬೇಡ, ಸೊಪ್ಪಿನ ಚಿಂತೆಯೂ ಇಲ್ಲ. ಮಗುವಿಗೂ ಅದನ್ನೇ ಕೊಡಬಾರದೇ?" ರಿವರಾಕ್ಸಬಾನ್, ಡಾಬಿಗಟ್ರಾನ್ ಮೊದಲಾದ ಮಾತ್ರೆಗಳು ಇವು. 2021ರಿಂದ ಅಮೆರಿಕದಲ್ಲಿ ಮಕ್ಕಳಿಗೂ ಇವಕ್ಕೆ ಒಪ್ಪಿಗೆ ಸಿಕ್ಕಿದೆ, ಬಹಳ ಮಕ್ಕಳಿಗೆ ಅನುಕೂಲವೂ ಆಗಿದೆ. ಆದರೆ ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್ ಇರುವವರ ಮಾತು ಬೇರೆ. 2018ರಲ್ಲಿ ಇಟಲಿಯಿಂದ ಒಂದು ಅಧ್ಯಯನ ಪ್ರಕಟವಾಯಿತು. ಹಿಂದೆ ಹೇಳಿದ ಮೂರೂ ಪ್ರತಿಕಾಯ ಇದ್ದ 120 ದೊಡ್ಡವರಲ್ಲಿ 59 ಜನರಿಗೆ ರಿವರಾಕ್ಸಬಾನ್, 61 ಜನರಿಗೆ ವಾರ್ಫರಿನ್ ಕೊಟ್ಟರು. ರಿವರಾಕ್ಸಬಾನ್ ಗುಂಪಿನಲ್ಲಿ 7 ಜನರಿಗೆ ರಕ್ತ ಹೆಪ್ಪುಗಟ್ಟುವ ಘಟನೆಗಳಾದವು, ವಾರ್ಫರಿನ್ ಗುಂಪಿನಲ್ಲಿ ಒಬ್ಬರಿಗೂ ಇಲ್ಲ. ಅಧ್ಯಯನವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. 2019ರಲ್ಲಿ ಯುರೋಪಿನ ಔಷಧಿ ನಿಯಂತ್ರಣ ಸಂಸ್ಥೆ ಈ ಕಾಯಿಲೆ ಇರುವವರಿಗೆ, ಅದರಲ್ಲೂ ಮೂರೂ ಪ್ರತಿಕಾಯ ಇರುವವರಿಗೆ ಇಂಥ ಮಾತ್ರೆ ಬೇಡ ಎಂದು ಎಚ್ಚರಿಸಿತು. ರಕ್ತ ಪರೀಕ್ಷೆಯ ತೊಂದರೆ ತಪ್ಪಲಿ ಎಂದು ನೀವಾಗಿ ಮಾತ್ರೆ ಬದಲಾಯಿಸುವುದು ಎಷ್ಟು ಅಪಾಯ ಎಂಬುದು ಇದರಿಂದ ತಿಳಿಯುತ್ತದೆ.

ಎಷ್ಟು ದಿನ ಔಷಧಿ ಎಂಬುದಕ್ಕೂ ಎಲ್ಲರಿಗೂ ಒಂದೇ ಉತ್ತರವಿಲ್ಲ. ಕೊಳವೆಯಿಂದಲೋ ಸೋಂಕಿನಿಂದಲೋ ಹೆಪ್ಪುಗಟ್ಟಿ, ಆ ಕಾರಣ ದೂರವಾದ ಮಕ್ಕಳಲ್ಲಿ ಅನೇಕರಿಗೆ 3 ತಿಂಗಳ ಬದಲು 6 ವಾರ ಸಾಕು ಎಂದು 2022ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ತೋರಿಸಿತು. ಆದರೆ ಈ ಪ್ರತಿಕಾಯಗಳು ಹೋಗದೆ ಉಳಿದ ಮಕ್ಕಳನ್ನು ಆ ಲೆಕ್ಕಕ್ಕೆ ಸೇರಿಸಿರಲಿಲ್ಲ. ಪಕ್ಕದ ಬಿಲ್ಡಿಂಗಿನ ಮಗುವಿಗೆ ಆರು ವಾರಕ್ಕೆ ನಿಲ್ಲಿಸಿದರು, ನಮಗೇಕೆ ವರ್ಷಗಟ್ಟಲೆ ಎಂದು ಬೇಸರವಾಗುವುದು ಸಹಜ. ಎರಡು ಮಕ್ಕಳ ಕಾಯಿಲೆ ಬೇರೆ ಬೇರೆ, ಅಷ್ಟೇ. ಇದನ್ನು ರಕ್ತ ತೆಳ್ಳಗೆ ಮಾಡುವ ಔಷಧಿ ಎನ್ನುತ್ತೇವೆ, ಆದರೆ ರಕ್ತ ನಿಜವಾಗಿ ತೆಳ್ಳಗಾಗುವುದಿಲ್ಲ. ಹಳೆಯ ಹೆಪ್ಪು ಬೆಳೆಯದಂತೆ, ಹೊಸದು ಹುಟ್ಟದಂತೆ ಅದು ತಡೆಯುತ್ತದೆ. ಹಳೆಯದನ್ನು ದೇಹವೇ ನಿಧಾನವಾಗಿ ಕರಗಿಸಿಕೊಳ್ಳುತ್ತದೆ. ಅದಕ್ಕೆ ಸಮಯ ಬೇಕು.

ಒಂದು ಅಪಾಯವನ್ನು ಹೇಳಲೇಬೇಕು. ಬಹಳ ಅಪರೂಪವಾಗಿ, ಒಂದು ವಾರದ ಒಳಗೆ ಹಲವು ಅಂಗಗಳಲ್ಲಿ ಒಟ್ಟೊಟ್ಟಿಗೆ ಹೆಪ್ಪುಗಟ್ಟುವ ಉಗ್ರ ರೂಪ ಕಾಣಿಸಿಕೊಳ್ಳಬಹುದು. ಮಕ್ಕಳಲ್ಲಿ ಅದಕ್ಕೆ ಸೋಂಕು ನೆಪವಾಗುವುದು ಹೆಚ್ಚು. ಮಾತ್ರೆಯನ್ನು ತಟ್ಟನೆ ನಿಲ್ಲಿಸುವುದೂ ಒಂದು ಕಾರಣವಾಗಬಹುದು. ಜ್ವರದ ಜೊತೆ ಮಗು ಮಂಕಾದರೆ, ಮೂತ್ರ ಕಡಿಮೆಯಾದರೆ, ಉಸಿರಾಟ ಕಷ್ಟವಾದರೆ ಐಸಿಯು ಇರುವ ಆಸ್ಪತ್ರೆಗೇ ಹೋಗಿ.

ಇನ್ನೊಂದು ಕಡೆ, ರಕ್ತಸ್ರಾವದ ಲಕ್ಷಣಗಳೂ ನಿಮಗೆ ಗೊತ್ತಿರಬೇಕು. ಮೂಗಿನಲ್ಲಿ, ವಸಡಿನಲ್ಲಿ ರಕ್ತ ನಿಲ್ಲದಿರುವುದು, ಕಪ್ಪಗಿನ ಮಲ, ಕೆಂಪು ಮೂತ್ರ, ಕಾರಣವಿಲ್ಲದೆ ಮೈಮೇಲೆ ನೀಲಿ ಕಲೆಗಳು. ತಲೆಗೆ ಪೆಟ್ಟು ಬಿದ್ದರೆ ಮಗು ನಗುತ್ತಾ ಇದ್ದರೂ ಆಸ್ಪತ್ರೆಗೆ ತೋರಿಸಿ. ಹಾಗಂತ ಮಗುವನ್ನು ಮನೆಯೊಳಗೇ ಕೂಡಿಹಾಕಬೇಡಿ, ಸುಮ್ಮನೆ ಕೂತಷ್ಟೂ ರಕ್ತದ ಹರಿವು ನಿಧಾನವಾಗುತ್ತದೆ. ನಡಿಗೆ, ಈಜು, ಬ್ಯಾಡ್ಮಿಂಟನ್ ಆಗಬಹುದೇ ಎಂದು ಡಾಕ್ಟರನ್ನು ಕೇಳಿ. ಕಬಡ್ಡಿ, ಕುಸ್ತಿಯಂಥ ಆಟ ಬೇಡ. ಬೆಳೆದ ಹೆಣ್ಣುಮಕ್ಕಳಿಗೆ ಮುಟ್ಟಿನ ರಕ್ತಸ್ರಾವ ಹೆಚ್ಚಾಗಬಹುದು, ಸಂಕೋಚಪಡದೆ ಹೇಳಲಿ. ಈಸ್ಟ್ರೊಜೆನ್ ಇರುವ ಹಾರ್ಮೋನ್ ಮಾತ್ರೆಗಳು ಈ ಮಕ್ಕಳಿಗೆ ಆಗುವುದಿಲ್ಲ. ವಾರ್ಫರಿನ್ ಗರ್ಭದ ಮಗುವಿಗೆ ಹಾನಿ ಮಾಡುತ್ತದೆ ಎಂಬುದು ಮುಂದೆ ಮದುವೆಯ ವಯಸ್ಸಿಗೆ ಬಂದಾಗ ಅವಳಿಗೆ ತಿಳಿದಿರಬೇಕು.

ನಮ್ಮಂಥ ಹೊರನಾಡಿನ ಮನೆಗಳಿಗೆ ಒಂದು ವಿಶೇಷ ಸಲಹೆ. ಮಗುವಿನ ಹೆಸರು, ಕಾಯಿಲೆ, ಮಾತ್ರೆ, ಅಳತೆ, ಡಾಕ್ಟರ ಫೋನ್ ನಂಬರ್ ಬರೆದ ಒಂದು ಕಾರ್ಡ್ ಮಾಡಿಸಿ. ಶಾಲೆಯ ಟೀಚರಿಗೆ, ಆಟೋದವರಿಗೆ ಅರ್ಥವಾಗಲು ಮರಾಠಿಯಲ್ಲಿ ಒಂದು, ಆಸ್ಪತ್ರೆಗೆ ಇಂಗ್ಲಿಷಿನಲ್ಲಿ ಒಂದು, ಊರಿನ ಅಜ್ಜ ಅಜ್ಜಿಗೆ ಕನ್ನಡದಲ್ಲಿ ಒಂದು. ಧಾರವಾಡಕ್ಕೋ ವಿಜಯಪುರಕ್ಕೋ ಹೊರಡುವ ಮೊದಲು ಅಲ್ಲಿ ಐ.ಎನ್.ಆರ್. ಎಲ್ಲಿ ಮಾಡಿಸಬಹುದು ಎಂದು ಕೇಳಿ ತಿಳಿದುಕೊಳ್ಳಿ. ಔಷಧಿಯನ್ನು ಒಂದು ವಾರಕ್ಕೆ ಹೆಚ್ಚಾಗಿಯೇ ಒಯ್ಯಿರಿ, ದೊಡ್ಡ ಸೂಟ್‌ಕೇಸಿನಲ್ಲಿ ಇಡದೆ ಕೈಚೀಲದಲ್ಲಿ ಇಟ್ಟುಕೊಳ್ಳಿ. ರೈಲಿನಲ್ಲಿ ಮಗು ನೀರು ಕುಡಿಯಲಿ, ಆಗಾಗ ಎದ್ದು ನಡೆಯಲಿ. ಇಂಥ ಕಾಯಿಲೆಗೆ ಮಕ್ಕಳ ರಕ್ತರೋಗ ತಜ್ಞರು, ಲೂಪಸ್ ಜೊತೆಗಿದ್ದರೆ ಮಕ್ಕಳ ರುಮಟಾಲಜಿ ತಜ್ಞರು ಬೇಕು. ರಕ್ತದ ಕಾಯಿಲೆಗಳಿಗಾಗಿಯೇ ಇರುವ ಐಸಿಎಂಆರ್‌ನ ರಾಷ್ಟ್ರೀಯ ಇಮ್ಯುನೋಹೆಮಟಾಲಜಿ ಸಂಸ್ಥೆ ನಮ್ಮ ಪರೇಲಿನ ಕೆ.ಇ.ಎಂ. ಆಸ್ಪತ್ರೆಯ ಆವರಣದಲ್ಲೇ ಇದೆ. ಯಾವ ಪರೀಕ್ಷೆಗೆ ಎಲ್ಲಿ ಹೋಗಬೇಕು ಎಂದು ನಿಮ್ಮ ಡಾಕ್ಟರನ್ನು ಕೇಳಿ.

ಕೊನೆಯದಾಗಿ ಮನೆಯ ಹಿರಿಯರಲ್ಲಿ ಒಂದು ಮಾತು. ಈ ಕಾಯಿಲೆ ಅಂಟುವುದಿಲ್ಲ. ಬಸುರಿಯಲ್ಲಿ ತಾಯಿ ಏನೋ ತಿಂದದ್ದರಿಂದ ಬಂದದ್ದೂ ಅಲ್ಲ, ಯಾರ ದೃಷ್ಟಿಯೂ ಅಲ್ಲ. ಸೊಸೆಯ ಮೇಲೆ ತಪ್ಪು ಹೊರಿಸುವ ಬದಲು ಐ.ಎನ್.ಆರ್. ದಿನ ಮಗುವನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬಂದರೆ ಅದೇ ದೊಡ್ಡ ಸಹಾಯ. ಮಗುವಿಗೂ ಅದರ ವಯಸ್ಸಿಗೆ ತಕ್ಕಂತೆ ವಿಷಯ ಹೇಳಿ. ತನ್ನ ಮಾತ್ರೆಯ ಹೆಸರು ತಾನೇ ಹೇಳಬಲ್ಲ ಮಗು ಎಲ್ಲಿ ಹೋದರೂ ಅರ್ಧ ಸುರಕ್ಷಿತ. ವರದಿಯಲ್ಲಿ ಯಾವ ಅಂಕಿ ಬಂದರೂ ಅರ್ಥವಾಗದಿದ್ದರೆ ಮೊದಲು ಕೇಳಿ, ಔಷಧಿ ಮಾತ್ರ ಕೇಳದೆ ನಿಲ್ಲಿಸಬೇಡಿ.

ಈ ಬಗ್ಗೆ ನಿಮ್ಮ ಅನುಭವ, ಪ್ರಶ್ನೆ ಇದ್ದರೆ ಕನ್ನಡ ವೇಳೆಗೆ ಬರೆಯಿರಿ. ಮಕ್ಕಳ ರಕ್ತರೋಗ ತಜ್ಞರೊಬ್ಬರನ್ನು ಕರೆದು ನಿಮ್ಮ ಪ್ರಶ್ನೆಗಳನ್ನು ಅವರ ಮುಂದಿಡುತ್ತೇವೆ. ನಿಮ್ಮ ಮನೆಯ ಮಕ್ಕಳೆಲ್ಲ ಆರೋಗ್ಯವಾಗಿರಲಿ.